ಕರ್ನಾಟಕದಲ್ಲಿ ವರ್ಷಪೂರ್ತಿ ಶಾಲಾ ವೇಳಾಪಟ್ಟಿ

ವರ್ಷಪೂರ್ತಿ ಶಾಲಾ ವೇಳಾಪಟ್ಟಿ ಎಂಬುದು ಒಂದೇ ದೀರ್ಘ ಬೇಸಿಗೆ ರಜೆಯ ಬದಲು ಹಲವು ಚಿಕ್ಕ ರಜೆಗಳನ್ನು ವರ್ಷದುದ್ದಕ್ಕೂ ಹಂಚುವ ಶೈಕ್ಷಣಿಕ ವ್ಯವಸ್ಥೆ. ಹೆಸರು ಹಾಗೆ ಧ್ವನಿಸಿದರೂ ಈ ವ್ಯವಸ್ಥೆಯಲ್ಲಿ ವರ್ಷದ ಎಲ್ಲ ದಿನವೂ ಶಾಲೆ ನಡೆಯುವುದಿಲ್ಲ. ಬಹುತೇಕ ಮಾದರಿಗಳಲ್ಲಿ ಪಾಠದ ದಿನಗಳ ಒಟ್ಟು ಸಂಖ್ಯೆ ಮೊದಲಿನಷ್ಟೇ ಇರುತ್ತದೆ. ರಜೆಯ ಹಂಚಿಕೆ ಮಾತ್ರ ಬದಲಾಗುತ್ತದೆ. ಕರ್ನಾಟಕದ ರಾಜ್ಯ ಪಠ್ಯಕ್ರಮದ ಶಾಲೆಗಳಲ್ಲಿ ಈ ವ್ಯವಸ್ಥೆ ಜಾರಿಯಲ್ಲಿಲ್ಲ. ಆದರೆ ಬೇಸಿಗೆ ರಜೆಯ ಅವಧಿ, ದಸರಾ ರಜೆಯ ದಿನಾಂಕ, ಮಳೆಗಾಲದ ಹಠಾತ್ ರಜೆ, ರಜೆಯಲ್ಲಿ ನಿಲ್ಲುವ ಬಿಸಿಯೂಟ, ವಲಸೆ ಕುಟುಂಬಗಳ ಮಕ್ಕಳ ಹಾಜರಾತಿ ಇವೆಲ್ಲವೂ ಶಾಲಾವರ್ಷದ ರಚನೆಗೆ ಸಂಬಂಧಿಸಿದ ಪ್ರಶ್ನೆಗಳೇ ಆಗಿವೆ. ಹಾವೇರಿ ಜಿಲ್ಲೆಯ ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರು ತಾಲ್ಲೂಕುಗಳಂತಹ ಕೃಷಿಪ್ರಧಾನ ಪ್ರದೇಶಗಳಲ್ಲಿ ಅವು ಇನ್ನಷ್ಟು ಸ್ಪಷ್ಟವಾಗಿ ಕಾಣುತ್ತವೆ.

ಪ್ರಚಲಿತ ವೇಳಾಪಟ್ಟಿ

ಕರ್ನಾಟಕದ ಶಾಲಾವರ್ಷ ಸಾಮಾನ್ಯವಾಗಿ ಮೇ ತಿಂಗಳ ಕೊನೆಯಲ್ಲಿ ಆರಂಭವಾಗಿ ಮುಂದಿನ ಏಪ್ರಿಲ್ 10ರ ಸುಮಾರಿಗೆ ಮುಗಿಯುತ್ತದೆ. 2024–25ನೇ ಸಾಲು 2024ರ ಮೇ 29ರಂದು ಆರಂಭವಾಯಿತು. ಅಕ್ಟೋಬರ್ 3ರಿಂದ 20ರವರೆಗೆ 18 ದಿನಗಳ ದಸರಾ ರಜೆ ಇತ್ತು. ಎರಡನೆಯ ಅವಧಿ 2025ರ ಏಪ್ರಿಲ್ 10ಕ್ಕೆ ಕೊನೆಗೊಂಡಿತು. ಏಪ್ರಿಲ್ 11ರಿಂದ ಮೇ 28ರವರೆಗಿನ ಬೇಸಿಗೆ ರಜೆ 48 ದಿನಗಳದು. ಹೀಗೆ ಎರಡು ದೊಡ್ಡ ರಜೆಗಳು ಸೇರಿ 66 ದಿನಗಳಾಗುತ್ತವೆ. ವರ್ಷಪೂರ್ತಿ ಮಾದರಿಯಲ್ಲಿ ಇಷ್ಟೇ ದಿನಗಳನ್ನು ನಾಲ್ಕು ಪಾಲು ಮಾಡಿದರೆ ಪ್ರತಿ ರಜೆಗೆ 16 ಅಥವಾ 17 ದಿನ ಬರುತ್ತದೆ, ಅಂದರೆ ಹೆಚ್ಚುಕಡಿಮೆ ಈಗಿನ ದಸರಾ ರಜೆಯಷ್ಟು.

ಪಾಠದ ದಿನಗಳ ಕನಿಷ್ಠ ಮಿತಿಯನ್ನು ಮಕ್ಕಳ ಉಚಿತ ಮತ್ತು ಕಡ್ಡಾಯ ಶಿಕ್ಷಣ ಹಕ್ಕು ಅಧಿನಿಯಮ, 2009ರ ಅನುಸೂಚಿ ನಿಗದಿಪಡಿಸಿದೆ. 1ರಿಂದ 5ನೇ ತರಗತಿಗೆ ವರ್ಷಕ್ಕೆ 200 ಕೆಲಸದ ದಿನ ಮತ್ತು 800 ಬೋಧನಾ ಗಂಟೆ, 6ರಿಂದ 8ನೇ ತರಗತಿಗೆ 220 ದಿನ ಮತ್ತು 1000 ಗಂಟೆ. ಇದಕ್ಕಿಂತ ಬಹಳ ಮೊದಲೇ ಡಿ. ಎಸ್. ಕೊಠಾರಿ ಅಧ್ಯಕ್ಷತೆಯ ಶಿಕ್ಷಣ ಆಯೋಗ (1964–66) ಶಾಲೆಗಳಲ್ಲಿ ಬೋಧನೆಯ ಅವಧಿಯನ್ನು ಸುಮಾರು 39 ವಾರಗಳಿಗೆ, ಅಂದರೆ 234 ದಿನಗಳಿಗೆ ಏರಿಸುವಂತೆ ಸೂಚಿಸಿತ್ತು. ಅಧಿನಿಯಮವಾಗಲಿ ಆಯೋಗವಾಗಲಿ ಆ ದಿನಗಳು ಯಾವ ತಿಂಗಳಲ್ಲಿ ಬೀಳಬೇಕೆಂದು ಹೇಳಿಲ್ಲ.

ಪರಿಕಲ್ಪನೆಯ ಹಿನ್ನೆಲೆ

ಅಮೆರಿಕದ ಇಂಡಿಯಾನಾ ರಾಜ್ಯದ ಬ್ಲಫ್ಟನ್ ಪಟ್ಟಣದಲ್ಲಿ 1904ರಲ್ಲಿ ನಡೆದ ಪ್ರಯೋಗವನ್ನು ವರ್ಷಪೂರ್ತಿ ಶಾಲೆಯ ಆರಂಭಿಕ ಉದಾಹರಣೆ ಎಂದು ಗುರುತಿಸಲಾಗುತ್ತದೆ. ಹೆಚ್ಚು ಪ್ರಸಿದ್ಧವಾದದ್ದು 1970ರಲ್ಲಿ ಇಲಿನಾಯ್ ರಾಜ್ಯದ ವ್ಯಾಲಿ ವ್ಯೂ ಶಾಲಾ ಜಿಲ್ಲೆ ಅಳವಡಿಸಿಕೊಂಡ ‘45–15’ ಕ್ರಮ. ಅದರಲ್ಲಿ 45 ಶಾಲಾ ದಿನಗಳ ಪಾಠದ ನಂತರ 15 ಶಾಲಾ ದಿನಗಳ ಬಿಡುವು. ಈ ಚಕ್ರ ವರ್ಷಕ್ಕೆ ನಾಲ್ಕು ಬಾರಿ ಮರುಕಳಿಸಿ 180 ದಿನಗಳ ಪಾಠ ಪೂರ್ಣಗೊಳ್ಳುತ್ತದೆ. ಅಲ್ಲಿ ಮಕ್ಕಳನ್ನು ನಾಲ್ಕು ತಂಡಗಳಾಗಿ ವಿಂಗಡಿಸಿ, ಸದಾ ಒಂದು ತಂಡ ರಜೆಯಲ್ಲಿರುವಂತೆ ನೋಡಿಕೊಳ್ಳಲಾಯಿತು. ಕಟ್ಟಡ ಕಟ್ಟದೆಯೇ ಹೆಚ್ಚು ಮಕ್ಕಳಿಗೆ ಸ್ಥಳ ಒದಗಿಸುವುದು ಇದರ ಮೂಲ ಉದ್ದೇಶವಾಗಿತ್ತು. ಕಲಿಕೆಯ ಸುಧಾರಣೆ ಎಂಬ ವಾದ ನಂತರದ ವರ್ಷಗಳಲ್ಲಿ ಮುಂದೆ ಬಂದಿತು. ಈ ವ್ಯತ್ಯಾಸ ಕರ್ನಾಟಕದ ಮಟ್ಟಿಗೆ ಮುಖ್ಯ. ಇಲ್ಲಿನ ಗ್ರಾಮೀಣ ಸರ್ಕಾರಿ ಶಾಲೆಗಳ ಸಮಸ್ಯೆ ಮಕ್ಕಳ ದಟ್ಟಣೆಯಲ್ಲ, ಕುಸಿಯುತ್ತಿರುವ ದಾಖಲಾತಿ. ಆದ್ದರಿಂದ ತಂಡಗಳ ಪದ್ಧತಿಗೆ ಇಲ್ಲಿ ಕಾರಣವೇ ಇಲ್ಲ. ಚರ್ಚೆಗೆ ಉಳಿಯುವುದು ರಜೆಯ ಮರುಹಂಚಿಕೆ ಮಾತ್ರ.

ದೀರ್ಘ ಬೇಸಿಗೆ ರಜೆ ಹೊಲದ ಕೆಲಸಕ್ಕಾಗಿ ಹುಟ್ಟಿಕೊಂಡಿತು ಎಂಬ ಮಾತು ಅಮೆರಿಕದಲ್ಲಿ ಬಹಳ ಪ್ರಚಲಿತವಾಗಿದೆ. ವಾಸ್ತವದಲ್ಲಿ 19ನೇ ಶತಮಾನದ ಅಲ್ಲಿನ ಹಳ್ಳಿಶಾಲೆಗಳು ಬಿತ್ತನೆಯ ವಸಂತದಲ್ಲಿ ಮತ್ತು ಕೊಯ್ಲಿನ ಶರತ್ಕಾಲದಲ್ಲಿ ಮುಚ್ಚಿ, ಬೇಸಿಗೆಯಲ್ಲಿ ತೆರೆದಿರುತ್ತಿದ್ದವು. ನಗರ ಮತ್ತು ಹಳ್ಳಿಗಳ ಶಾಲೆಗಳನ್ನು ಒಂದೇ ಅಚ್ಚಿಗೆ ತರುವ ಪ್ರಯತ್ನದಲ್ಲಿ ಬೇಸಿಗೆ ರಜೆ ರೂಢಿಯಾಯಿತು. ಕರ್ನಾಟಕದ ಕೃಷಿವರ್ಷವನ್ನು ಶಾಲಾವರ್ಷದ ಪಕ್ಕದಲ್ಲಿಟ್ಟು ನೋಡಿದಾಗಲೂ ಇಂತಹುದೇ ಹೊಂದಿಕೆಯಿಲ್ಲದಿರುವಿಕೆ ಕಂಡುಬರುತ್ತದೆ.

ಕಲಿಕೆಯ ನಷ್ಟ

ರಜೆಯ ವಿರುದ್ಧದ ಪ್ರಮುಖ ವಾದ, ಮಕ್ಕಳು ಕಲಿತದ್ದನ್ನು ಮರೆಯುತ್ತಾರೆ ಎಂಬುದು. ಹ್ಯಾರಿಸ್ ಕೂಪರ್ ಮತ್ತು ಸಂಗಡಿಗರು 1996ರಲ್ಲಿ ಪ್ರಕಟಿಸಿದ ಅಮೆರಿಕದ ಅಧ್ಯಯನಗಳ ಸಮಗ್ರ ವಿಶ್ಲೇಷಣೆಯ ಪ್ರಕಾರ ಬೇಸಿಗೆ ರಜೆಯ ನಂತರ ಮಕ್ಕಳ ಅಂಕಗಳು ಸರಾಸರಿ ಸುಮಾರು ಒಂದು ತಿಂಗಳ ಕಲಿಕೆಯಷ್ಟು ಇಳಿದಿದ್ದವು. ಇಳಿಕೆ ಓದಿಗಿಂತ ಗಣಿತದಲ್ಲಿ ಹೆಚ್ಚಿತ್ತು. ಆದರೆ ಅದೇ ಕೂಪರ್ ಮತ್ತು ಇತರರು 2003ರಲ್ಲಿ ಬದಲಾಯಿಸಿದ ವೇಳಾಪಟ್ಟಿಗಳನ್ನು ಪರಿಶೀಲಿಸಿದಾಗ ಒಟ್ಟಾರೆ ಲಾಭ ಬಹಳ ಅಲ್ಪವೆಂದು ಕಂಡುಬಂದಿತು. ನಾರ್ತ್ ಕ್ಯಾರೊಲಿನಾದ ವೇಕ್ ಕೌಂಟಿಯ ಶಾಲೆಗಳ ಬಗ್ಗೆ 2012ರಲ್ಲಿ ಪ್ರಕಟವಾದ ಮ್ಯಾಕ್‌ಮುಲೆನ್ ಮತ್ತು ರೌಸ್ ಅವರ ಅಧ್ಯಯನದಲ್ಲಿ ಸರಾಸರಿ ವಿದ್ಯಾರ್ಥಿಯ ಮೇಲೆ ಗಮನಾರ್ಹ ಪರಿಣಾಮ ಕಾಣಲಿಲ್ಲ. ಕ್ಯಾಲಿಫೋರ್ನಿಯಾದ ತಂಡಪದ್ಧತಿಯ ಶಾಲೆಗಳನ್ನು ಅಧ್ಯಯನ ಮಾಡಿದ ಜೆನಿಫರ್ ಗ್ರೇವ್ಸ್ ಅವರಿಗೆ ಪ್ರತಿಕೂಲ ಪರಿಣಾಮಗಳೇ ಕಂಡವು. 2019ರಲ್ಲಿ ಪಾಲ್ ವಾನ್ ಹಿಪ್ಪೆಲ್ ಬೇಸಿಗೆ ನಷ್ಟವೆಂಬುದೇ ಭಾಗಶಃ ಹಳೆಯ ಪರೀಕ್ಷೆಗಳ ಅಳತೆಯ ದೋಷವಿರಬಹುದೆಂದು ಪ್ರಶ್ನಿಸಿದರು. ಒಟ್ಟಿನಲ್ಲಿ, ಪಾಠದ ದಿನ ಹೆಚ್ಚಿಸದೆ ರಜೆಯನ್ನು ಮಾತ್ರ ಹಂಚಿದರೆ ಕಲಿಕೆ ತಾನಾಗಿ ಸುಧಾರಿಸುತ್ತದೆ ಎನ್ನಲು ಬಲವಾದ ಆಧಾರವಿಲ್ಲ.

ಕರ್ನಾಟಕದ ಶಾಲಾ ವ್ಯವಸ್ಥೆ ಮರೆವಿನ ಸಮಸ್ಯೆಯನ್ನು ಬೇರೆ ರೀತಿಯಲ್ಲಿ ಒಪ್ಪಿಕೊಂಡಿದೆ. ಶಾಲೆ ಪುನರಾರಂಭವಾದ ಕೂಡಲೇ ನಡೆಯುವ ‘ಸೇತುಬಂಧ’ ಕಾರ್ಯಕ್ರಮದಲ್ಲಿ ಹಿಂದಿನ ತರಗತಿಯ ಅಂಶಗಳ ಮೇಲೆ ಪೂರ್ವ ಪರೀಕ್ಷೆ ನಡೆಸಿ, ಕೊರತೆಯಿರುವ ಕಲಿಕಾಂಶಗಳನ್ನು ಮತ್ತೆ ಬೋಧಿಸಿ, ಸಾಫಲ್ಯ ಪರೀಕ್ಷೆಯ ನಂತರವೇ ಹೊಸ ಪಾಠಕ್ಕೆ ಹೋಗಲಾಗುತ್ತದೆ. 2000ರ ದಶಕದ ಆರಂಭದಲ್ಲಿ ಶಾಲೆಯಿಂದ ಹೊರಗುಳಿದ ಮಕ್ಕಳಿಗಾಗಿ ನಡೆದ ‘ಚಿಣ್ಣರ ಅಂಗಳ’ ಬೇಸಿಗೆ ರಜೆಯನ್ನೇ ಬಳಸಿಕೊಂಡು, ಖಾಲಿಯಿದ್ದ ಶಾಲಾ ಕೊಠಡಿಗಳಲ್ಲಿ ಅವರನ್ನು ತರಗತಿಗೆ ಸಿದ್ಧಗೊಳಿಸಿತ್ತು.

ದೀರ್ಘ ವಿರಾಮದ ಪರಿಣಾಮ ರಾಜ್ಯದಲ್ಲಿ ಅಳತೆಗೆ ಸಿಕ್ಕಿದ್ದು ಕೋವಿಡ್ ಕಾಲದಲ್ಲಿ. ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯ ಕರ್ನಾಟಕವೂ ಸೇರಿ 5 ರಾಜ್ಯಗಳ 1,137 ಶಾಲೆಗಳ 16,067 ಮಕ್ಕಳನ್ನು ಕುರಿತು 2021ರ ಫೆಬ್ರುವರಿಯಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಶೇ. 92ರಷ್ಟು ಮಕ್ಕಳು ಭಾಷೆಯಲ್ಲಿ ಮತ್ತು ಶೇ. 82ರಷ್ಟು ಮಕ್ಕಳು ಗಣಿತದಲ್ಲಿ ಹಿಂದಿನ ವರ್ಷದ ಕನಿಷ್ಠ ಒಂದು ನಿರ್ದಿಷ್ಟ ಸಾಮರ್ಥ್ಯವನ್ನು ಕಳೆದುಕೊಂಡಿದ್ದರು. ಇದನ್ನು 48 ದಿನಗಳ ರಜೆಗೆ ನೇರವಾಗಿ ಅನ್ವಯಿಸುವುದು ಸರಿಯಲ್ಲ. ಆಗ ಶಾಲೆಗಳು ಮುಚ್ಚಿದ್ದುದು ತಿಂಗಳುಗಟ್ಟಲೆ. ಆದರೂ ಈ ನಷ್ಟವನ್ನು ತುಂಬಿಕೊಳ್ಳಲು ರೂಪಿಸಿದ ‘ಕಲಿಕಾ ಚೇತರಿಕೆ’ ಕಾರ್ಯಕ್ರಮಕ್ಕಾಗಿ 2022–23ನೇ ಶಾಲಾವರ್ಷವನ್ನು 2022ರ ಮೇ 16ರಂದೇ ಆರಂಭಿಸಲಾಯಿತು. ಕಲಿಕೆಯ ಕಾರಣಕ್ಕಾಗಿ ಬೇಸಿಗೆ ರಜೆಯನ್ನು ಇಡೀ ರಾಜ್ಯದಲ್ಲಿ ಸುಮಾರು ಎರಡು ವಾರ ಮೊಟಕುಗೊಳಿಸಿದ ಈ ಕ್ರಮ ಮುಂದಿನ ವರ್ಷಗಳಲ್ಲಿ ಉಳಿಯಲಿಲ್ಲ.

ಹಾನಗಲ್ ಸೀಮೆಯ ಕೃಷಿವರ್ಷ ಮತ್ತು ಶಾಲಾವರ್ಷ

13ನೇ ಶತಮಾನದ ಶಾಂತೇಶ್ವರ ದೇವಾಲಯವಿರುವ ತಿಳವಳ್ಳಿ, ಹಾವೇರಿ ಜಿಲ್ಲೆಯ ಹಾನಗಲ್ ತಾಲ್ಲೂಕಿನ ಗ್ರಾಮ. ಈ ಭಾಗ 1956ರವರೆಗೆ ಮುಂಬಯಿ ಆಡಳಿತದಲ್ಲಿಯೂ 1997ರ ಆಗಸ್ಟ್‌ನಲ್ಲಿ ಹಾವೇರಿ ಜಿಲ್ಲೆ ರಚನೆಯಾಗುವವರೆಗೆ ಧಾರವಾಡ ಜಿಲ್ಲೆಯಲ್ಲಿಯೂ ಇತ್ತು. ಪಶ್ಚಿಮಕ್ಕೆ ಮಲೆನಾಡಿನ ಅಂಚು, ಪೂರ್ವಕ್ಕೆ ಬಯಲುಸೀಮೆ. ಹಾನಗಲ್ಲಿನಲ್ಲಿ ಕೆರೆಗಳ ಆಶ್ರಯದ ಭತ್ತ, ಅಡಿಕೆ ಮತ್ತು ಮಾವು ಕಂಡರೆ, ಸವಣೂರು–ಶಿಗ್ಗಾವಿ ಕಡೆಗೆ ಹತ್ತಿ, ಮೆಣಸಿನಕಾಯಿ, ಗೋವಿನಜೋಳಗಳ ಹೊಲಗಳು ಹೆಚ್ಚುತ್ತವೆ.

ಇಲ್ಲಿ ಮನೆಮಂದಿಯೆಲ್ಲ ಹೊಲಕ್ಕಿಳಿಯುವ ಕಾಲ ಬೇಸಿಗೆಯಲ್ಲ. ಮುಂಗಾರಿನ ಬಿತ್ತನೆ ಜೂನ್ ಆಸುಪಾಸಿನಲ್ಲಿ, ಅಂದರೆ ಶಾಲೆ ತೆರೆದ ಮೊದಲ ವಾರಗಳಲ್ಲಿಯೇ ನಡೆಯುತ್ತದೆ. ಎಡೆ ಹೊಡೆಯುವುದು, ಕಳೆ ತೆಗೆಯುವುದು ಜುಲೈ–ಆಗಸ್ಟ್‌ನಲ್ಲಿ. ಗೋವಿನಜೋಳದ ಕೊಯ್ಲು ಅಕ್ಟೋಬರ್–ನವೆಂಬರ್‌ನಲ್ಲಿ, ಭತ್ತದ ಸುಗ್ಗಿ ನವೆಂಬರ್–ಡಿಸೆಂಬರ್‌ನಲ್ಲಿ, ಹತ್ತಿ ಬಿಡಿಸುವ ಕೆಲಸ ಜನವರಿಯವರೆಗೂ ಮುಂದುವರಿಯುತ್ತದೆ. ಬ್ಯಾಡಗಿ ಮಾರುಕಟ್ಟೆಗೆ ಹೋಗುವ ಕೆಂಪು ಮೆಣಸಿನಕಾಯಿಯ ಬಿಡಿಸುವಿಕೆ ಮತ್ತು ಒಣಗಿಸುವಿಕೆ ವರ್ಷದ ಮೊದಲ ತಿಂಗಳುಗಳಲ್ಲಿ. ಏಪ್ರಿಲ್–ಮೇ ತಿಂಗಳಲ್ಲಿ ಮಾವಿನ ಕೊಯ್ಲನ್ನು ಬಿಟ್ಟರೆ ಮಳೆಯಾಶ್ರಿತ ಹೊಲಗಳಲ್ಲಿ ಮಾಗಿಯ ಉಳುಮೆ, ಗೊಬ್ಬರ ಹೇರುವಿಕೆಯಂತಹ, ಮಕ್ಕಳ ಕೈ ಅಷ್ಟಾಗಿ ಬೇಡದ ಕೆಲಸಗಳಷ್ಟೇ ಇರುತ್ತವೆ. ಆ ತಿಂಗಳುಗಳು ಜಾತ್ರೆ, ಮದುವೆ ಮತ್ತು ಅಜ್ಜಿಯ ಊರಿಗೆ ಸೇರಿದವು. ಬೇಸಿಗೆ ರಜೆಯನ್ನು ಸಮರ್ಥಿಸುವಾಗ ಕೃಷಿಯ ಹೆಸರು ಹೇಳುವುದಕ್ಕಿಂತ ಈ ಸಾಮಾಜಿಕ ಬದುಕನ್ನು ಹೆಸರಿಸುವುದೇ ಹೆಚ್ಚು ಪ್ರಾಮಾಣಿಕ.

ಹೊಲ ಮತ್ತು ಶಾಲೆಯ ದಿನಗಳು ನಿಜಕ್ಕೂ ಸಂಧಿಸುವುದು ದಸರಾ ರಜೆಯಲ್ಲಿ. ವಿಜಯದಶಮಿಯ ನಂತರದ ಶೀಗೆ ಹುಣ್ಣಿಮೆಯಂದು ರೈತ ಕುಟುಂಬಗಳು ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ ಭೂಮಿತಾಯಿಗೆ ಪೂಜೆ ಸಲ್ಲಿಸಿ ಚರಗ ಚೆಲ್ಲುತ್ತವೆ. 2024ರಲ್ಲಿ ಹಬ್ಬ ರಜೆಯೊಳಗೇ ಬಂದಿತ್ತು. ಇದಕ್ಕೆ ಹೊರತಾಗಿ ಕಾರ ಹುಣ್ಣಿಮೆ ಮತ್ತು ಮಣ್ಣೆತ್ತಿನ ಅಮಾವಾಸ್ಯೆಗಳು ಶಾಲಾರಂಭದ ನಂತರದ ದಿನಗಳಲ್ಲಿಯೇ ಬರುತ್ತವೆ.

ಮಳೆ ಇನ್ನೊಂದು ಅಂಶ. 2019ರ ಆಗಸ್ಟ್‌ನ ಪ್ರವಾಹದಲ್ಲಿ ವರದಾ ನದಿ ಉಕ್ಕಿ ಹಾವೇರಿ ಜಿಲ್ಲೆ ತೀವ್ರವಾಗಿ ಬಾಧಿತವಾಯಿತು. ಇಂತಹ ಸಂದರ್ಭಗಳಲ್ಲಿ ಜಿಲ್ಲಾಧಿಕಾರಿ ಘೋಷಿಸುವ ರಜೆಯನ್ನು ಶನಿವಾರದ ಮಧ್ಯಾಹ್ನ ಅಥವಾ ರಜಾದಿನಗಳಲ್ಲಿ ತರಗತಿ ನಡೆಸಿ ಸರಿದೂಗಿಸಬೇಕಾಗುತ್ತದೆ. ಮಲೆನಾಡು, ಕರಾವಳಿ ಮತ್ತು ಕೊಡಗಿನಲ್ಲಿ ಜುಲೈ–ಆಗಸ್ಟ್ ತಿಂಗಳ ಇಂತಹ ರಜೆಗಳು ಬಹುತೇಕ ವಾರ್ಷಿಕ ರೂಢಿಯೇ ಆಗಿವೆ. ಮಳೆಗಾಲದಲ್ಲಿ ಎರಡು ವಾರಗಳ ನಿಗದಿತ ರಜೆ ಇದ್ದರೆ ಹಠಾತ್ ರಜೆಗಳು ತಗ್ಗಬಹುದೆಂಬುದು ಮರುಹಂಚಿಕೆಯ ಪರವಾದ ಗಟ್ಟಿ ವಾದಗಳಲ್ಲೊಂದು. ಮಳೆ ಆ ಎರಡು ವಾರಗಳಲ್ಲೇ ಸುರಿಯಬೇಕೆಂಬ ನಿಯಮವಿಲ್ಲ ಎಂಬುದು ಅದಕ್ಕೆ ಅಷ್ಟೇ ಸರಳವಾದ ಉತ್ತರ.

ವಲಸೆ ಕುಟುಂಬಗಳ ಮಕ್ಕಳ ಸ್ಥಿತಿ ಇನ್ನೂ ಕಠಿಣ. ಉತ್ತರ ಕರ್ನಾಟಕದ ತಾಂಡಾ ಮತ್ತು ಹಳ್ಳಿಗಳಿಂದ ದೀಪಾವಳಿಯ ಆಸುಪಾಸಿನಲ್ಲಿ ಕಬ್ಬು ಕಡಿಯಲು, ಕಾಫಿ ಕೊಯ್ಲಿಗೆ, ಕಟ್ಟಡದ ಕೆಲಸಕ್ಕೆ ಹೊರಡುವವರಲ್ಲಿ ಹಲವರು ಬೇಸಿಗೆಯ ವೇಳೆಗೆ ಮರಳುತ್ತಾರೆ. ಅಂದರೆ ಶಾಲೆ ನಡೆಯುವಾಗ ಮಗು ಊರಿನಲ್ಲಿರುವುದಿಲ್ಲ. ಮಗು ಊರಿಗೆ ಬಂದಾಗ ಶಾಲೆ ಮುಚ್ಚಿರುತ್ತದೆ. ಋತುಮಾನದ ವಸತಿ ನಿಲಯಗಳು ಮತ್ತು ಟೆಂಟ್ ಶಾಲೆಗಳು ಈ ಅಂತರವನ್ನು ತುಂಬಲು ರೂಪುಗೊಂಡ ವ್ಯವಸ್ಥೆಗಳು. ಏಪ್ರಿಲ್–ಮೇ ತಿಂಗಳಲ್ಲಿ ಶಾಲೆ ತೆರೆದಿದ್ದರೆ ಹೆಚ್ಚು ಪ್ರಯೋಜನ ಪಡೆಯುವವರು ಬಹುಶಃ ಈ ಮಕ್ಕಳೇ.

ಬಿಸಿಯೂಟ

ಕರ್ನಾಟಕದಲ್ಲಿ ‘ಅಕ್ಷರ ದಾಸೋಹ’ ಎಂಬ ಹೆಸರಿನಲ್ಲಿ 2002–03ರಲ್ಲಿ ಆರಂಭವಾದ ಬಿಸಿಯೂಟ, 2013ರಿಂದ ‘ಕ್ಷೀರಭಾಗ್ಯ’ದ ಹಾಲು ಮತ್ತು ಇತ್ತೀಚೆಗೆ ಸೇರಿದ ಮೊಟ್ಟೆ ಶಾಲೆಯ ಬಾಗಿಲಿನ ಜೊತೆಗೇ ತೆರೆದು ಮುಚ್ಚುತ್ತವೆ. ರಾಷ್ಟ್ರೀಯ ಆಹಾರ ಭದ್ರತಾ ಅಧಿನಿಯಮ, 2013ರ 5ನೇ ಪ್ರಕರಣ 8ನೇ ತರಗತಿಯವರೆಗಿನ ಮಕ್ಕಳಿಗೆ ಮಧ್ಯಾಹ್ನದ ಊಟದ ಹಕ್ಕನ್ನು ನೀಡುವಾಗ ಶಾಲಾ ರಜಾದಿನಗಳನ್ನು ಸ್ಪಷ್ಟವಾಗಿ ಹೊರಗಿಟ್ಟಿದೆ. ಹೀಗಾಗಿ ರಜೆ ಎಷ್ಟು ದಿನ ಎಂಬ ಪ್ರಶ್ನೆ ಕೂಲಿ ಕುಟುಂಬದ ಮಗುವಿನ ಮಟ್ಟಿಗೆ ಎಷ್ಟು ದಿನ ಶಾಲೆಯ ಊಟವಿಲ್ಲ ಎಂಬ ಪ್ರಶ್ನೆಯೂ ಆಗುತ್ತದೆ.

ಈ ಹೊರಗಿಡುವಿಕೆಗೆ ಬರಗಾಲದಲ್ಲಿ ವಿನಾಯಿತಿ ಇದೆ. ಬರಪೀಡಿತ ಪ್ರದೇಶಗಳಲ್ಲಿ ಬೇಸಿಗೆ ರಜೆಯಲ್ಲೂ ಊಟ ನೀಡಬೇಕೆಂದು ಸುಪ್ರೀಂ ಕೋರ್ಟ್ 2004ರ ಏಪ್ರಿಲ್ 20ರಂದು ಆದೇಶಿಸಿತ್ತು. ಸ್ವರಾಜ್ ಅಭಿಯಾನ್ ಪ್ರಕರಣದಲ್ಲಿ 2016ರ ಮೇ 13ರಂದು ಇದನ್ನು ಮತ್ತೆ ವಿಧಿಸಿತು. 2023ರಲ್ಲಿ ಕರ್ನಾಟಕದ 223 ತಾಲ್ಲೂಕುಗಳು ಬರಪೀಡಿತವೆಂದು ಘೋಷಿತವಾದಾಗ ಮರುವರ್ಷದ ಬೇಸಿಗೆ ರಜೆಯಲ್ಲಿ ಅಂತಹ ತಾಲ್ಲೂಕುಗಳಲ್ಲಿ ಬಿಸಿಯೂಟದ ವ್ಯವಸ್ಥೆ ಮಾಡಲಾಯಿತು. ರಜೆಯಲ್ಲಿ ಊಟ ಬಡಿಸಲು ಶಾಲಾವರ್ಷವನ್ನೇ ಬದಲಿಸಬೇಕಾಗಿಲ್ಲ ಎಂಬುದನ್ನು ಈ ಅನುಭವ ತೋರಿಸುತ್ತದೆ. ಪಾಠವಿಲ್ಲದ ದಿನ ಊಟಕ್ಕೆಂದೇ ಎಷ್ಟು ಮಕ್ಕಳು ಬರುತ್ತಾರೆ ಎಂಬುದು ಬೇರೆಯದೇ ಪ್ರಶ್ನೆ.

ಬಿಸಿಲು, ನೀರು, ಶಿಕ್ಷಕರು

ಕಲಬುರಗಿ, ರಾಯಚೂರು ಭಾಗಗಳಲ್ಲಿ ಏಪ್ರಿಲ್–ಮೇ ತಿಂಗಳ ಉಷ್ಣಾಂಶ 40 ಡಿಗ್ರಿ ಸೆಲ್ಸಿಯಸ್ ದಾಟುವುದು ಸಾಮಾನ್ಯ. ಹಾನಗಲ್ ಅಷ್ಟು ಸುಡುವುದಿಲ್ಲ. ಆದರೆ ತಗಡಿನ ಮಾಡಿನ ಕೊಠಡಿ, ಬತ್ತಿದ ಕೊಳವೆಬಾವಿ, ನೀರಿಲ್ಲದ ಶೌಚಾಲಯ ಎಲ್ಲಿದ್ದರೂ ಬೇಸಿಗೆಯ ಪಾಠಕ್ಕೆ ಅಡ್ಡಿಯೇ. ಬೆಳಗಿನ ಶಾಲೆ ಒಂದು ಪರಿಹಾರವಾದರೂ ದಿನದ ಬೋಧನಾ ಗಂಟೆಗಳು ಕಡಿಮೆಯಾಗುತ್ತವೆ.

ಸರ್ಕಾರಿ ಶಿಕ್ಷಕರು ದೀರ್ಘ ರಜೆಯ ಸೌಲಭ್ಯವಿರುವ ನೌಕರರಾದ್ದರಿಂದ ಅವರಿಗೆ ಗಳಿಕೆ ರಜೆ ಇತರ ಇಲಾಖೆಗಳವರಿಗಿಂತ ಕಡಿಮೆ. ಬೇಸಿಗೆ ರಜೆಯನ್ನು ಮೊಟಕುಗೊಳಿಸಿದರೆ ಈ ಲೆಕ್ಕವನ್ನೂ ಮತ್ತೆ ಮಾಡಬೇಕಾಗುತ್ತದೆ. ಬೇಸಿಗೆ ಅವರಿಗೆ ಪೂರ್ಣ ಬಿಡುವೂ ಅಲ್ಲ. 2023ರ ವಿಧಾನಸಭಾ ಚುನಾವಣೆಯ ಮತದಾನ ಮೇ 10ರಂದು, 2024ರ ಲೋಕಸಭಾ ಚುನಾವಣೆಯಲ್ಲಿ ಹಾವೇರಿ ಕ್ಷೇತ್ರದ ಮತದಾನ ಮೇ 7ರಂದು ನಡೆಯಿತು. ಮತಗಟ್ಟೆಗಳಲ್ಲಿ ಕುಳಿತವರಲ್ಲಿ ಶಿಕ್ಷಕರೇ ಹೆಚ್ಚು. 2025ರಲ್ಲಿ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಗೆ ಶಿಕ್ಷಕರನ್ನು ನಿಯೋಜಿಸಿದ್ದರಿಂದ ಅಕ್ಟೋಬರ್ 7ಕ್ಕೆ ಮುಗಿಯಬೇಕಿದ್ದ ದಸರಾ ರಜೆಯನ್ನು ಸರ್ಕಾರಿ ಮತ್ತು ಅನುದಾನಿತ ಶಾಲೆಗಳಿಗೆ 18ರವರೆಗೆ ವಿಸ್ತರಿಸಲಾಯಿತು. ದೊಡ್ಡ ರಜೆಗಳಿಲ್ಲದಿದ್ದರೆ ಇಂತಹ ಕೆಲಸಗಳು ಪಾಠದ ದಿನಗಳನ್ನೇ ಕಸಿಯುತ್ತವೆ ಎಂಬ ಆತಂಕಕ್ಕೆ ಇದರಿಂದ ಆಧಾರ ದೊರೆಯುತ್ತದೆ.

ನೆರೆಯ ರಾಜ್ಯಗಳು

ಕನ್ನಡ ಮಾಧ್ಯಮದಲ್ಲಿ ಓದುವ ಎಲ್ಲ ಮಕ್ಕಳಿಗೂ ಒಂದೇ ವೇಳಾಪಟ್ಟಿ ಇಲ್ಲ. ಮಹಾರಾಷ್ಟ್ರದ ಜತ್ತ ಮತ್ತು ಅಕ್ಕಲಕೋಟೆ ಭಾಗದ ಕನ್ನಡ ಶಾಲೆಗಳು ಆ ರಾಜ್ಯದ ಕ್ರಮದಂತೆ ಜೂನ್ ಮಧ್ಯದಲ್ಲಿ ತೆರೆದು ದೀಪಾವಳಿಗೆ ರಜೆ ಪಡೆಯುತ್ತವೆ. ಬಿಸಿಲು ಹೆಚ್ಚಿರುವ ವಿದರ್ಭದ ಶಾಲೆಗಳು ಅಲ್ಲಿ ಇನ್ನೂ ತಡವಾಗಿ ಆರಂಭವಾಗುತ್ತವೆ. ಕಾಸರಗೋಡಿನ ಕನ್ನಡ ಶಾಲೆಗಳು ಕೇರಳದ ಕ್ರಮ ಅನುಸರಿಸುತ್ತವೆ. ಏಪ್ರಿಲ್–ಮೇ ತಿಂಗಳ ರಜೆಯನ್ನು ಭಾರೀ ಮಳೆಯ ಜೂನ್–ಜುಲೈಗೆ ಸ್ಥಳಾಂತರಿಸುವ ವಿಷಯವನ್ನು ಕೇರಳದ ಶಿಕ್ಷಣ ಸಚಿವ ವಿ. ಶಿವನ್‌ಕುಟ್ಟಿ 2025ರಲ್ಲಿ ಸಾರ್ವಜನಿಕ ಚರ್ಚೆಗೆ ಇಟ್ಟರು. ಉತ್ತರ ಕರ್ನಾಟಕದ ಅನೇಕ ಕುಟುಂಬಗಳು ದುಡಿಯಲು ಹೋಗುವ ಗೋವಾದಲ್ಲಿ 6ರಿಂದ 10ನೇ ತರಗತಿಗಳ ಶಾಲಾವರ್ಷವನ್ನು 2025ರಲ್ಲಿ ಏಪ್ರಿಲ್ 7ರಂದೇ ಆರಂಭಿಸಲಾಯಿತು. ಪೋಷಕರ ಒಂದು ವರ್ಗ ಬಿಸಿಲಿನ ಕಾರಣ ನೀಡಿ ಇದನ್ನು ವಿರೋಧಿಸಿತು.

ಒಂದೇ ರಾಜ್ಯದೊಳಗೆ ಎರಡು ಕ್ರಮಗಳಿರುವುದೂ ಅಪರೂಪವಲ್ಲ. ಹಿಮಾಚಲ ಪ್ರದೇಶದಲ್ಲಿ ಬೇಸಿಗೆಯಲ್ಲಿ ಮುಚ್ಚುವ ಮತ್ತು ಚಳಿಗಾಲದಲ್ಲಿ ಮುಚ್ಚುವ ಶಾಲೆಗಳೆಂಬ ವಿಭಾಗವಿದೆ. ಜಮ್ಮು ಮತ್ತು ಕಾಶ್ಮೀರದಲ್ಲಿ 2022ರಲ್ಲಿ ಏಕರೂಪದ ಮಾರ್ಚ್ ಅವಧಿಯನ್ನು ಜಾರಿಗೊಳಿಸಿ, 2024ರಲ್ಲಿ 9ನೇ ತರಗತಿಯವರೆಗೆ ಹಳೆಯ ನವೆಂಬರ್ ಅವಧಿಗೆ ಮರಳಲಾಯಿತು.

ನಿರ್ಧರಿಸುವ ಅಧಿಕಾರ

ಶಿಕ್ಷಣ ಹಕ್ಕು ಅಧಿನಿಯಮದ 9ನೇ ಪ್ರಕರಣ ಸ್ಥಳೀಯ ಪ್ರಾಧಿಕಾರದ ಕರ್ತವ್ಯಗಳನ್ನು ಪಟ್ಟಿ ಮಾಡುತ್ತದೆ. ವಲಸೆ ಕುಟುಂಬಗಳ ಮಕ್ಕಳ ದಾಖಲಾತಿಯನ್ನು ಖಚಿತಪಡಿಸುವುದು ಅವುಗಳಲ್ಲೊಂದು. ಶೈಕ್ಷಣಿಕ ವೇಳಾಪಟ್ಟಿಯನ್ನು ನಿರ್ಧರಿಸುವುದು ಮತ್ತೊಂದು. ಹಳ್ಳಿ, ತಾಲ್ಲೂಕು, ಜಿಲ್ಲೆಗಳ ಹಂತದಲ್ಲಿ ಶಾಲಾವರ್ಷ ಬೇರೆಬೇರೆಯಾಗಿರಲು ಇದು ಅವಕಾಶ ನೀಡುತ್ತದೆಯಾದರೂ, ರೂಢಿಯಲ್ಲಿ ಶಾಲಾ ಶಿಕ್ಷಣ ಇಲಾಖೆ ಇಡೀ ಕರ್ನಾಟಕಕ್ಕೆ ಒಂದೇ ವೇಳಾಪಟ್ಟಿ ಹೊರಡಿಸುತ್ತದೆ. ಪಠ್ಯಪುಸ್ತಕ ವಿತರಣೆ, ಶಿಕ್ಷಕರ ವರ್ಗಾವಣೆ, ಎಸ್‌ಎಸ್‌ಎಲ್‌ಸಿ ಪರೀಕ್ಷೆ, ಕಾಲೇಜು ಪ್ರವೇಶಗಳೆಲ್ಲ ಅದಕ್ಕೆ ಹೆಣೆದುಕೊಂಡಿರುವುದು ಇದಕ್ಕೆ ಮುಖ್ಯ ಕಾರಣ.

ಆದರೂ ಈ ಏಕರೂಪತೆ ಸಡಿಲಿಸಲಾರದ್ದೇನಲ್ಲ. 2022ರಲ್ಲಿ ರಾಜ್ಯದ ದಸರಾ ರಜೆ ಅಕ್ಟೋಬರ್ 3ರಿಂದ ಎಂದು ನಿಗದಿಯಾಗಿದ್ದರೂ ನವರಾತ್ರಿ ಸೆಪ್ಟೆಂಬರ್ 26ಕ್ಕೇ ಆರಂಭವಾದ್ದರಿಂದ ದಕ್ಷಿಣ ಕನ್ನಡ ಜಿಲ್ಲೆಯ ಶಾಲೆಗಳಿಗೆ ಅಂದಿನಿಂದಲೇ ರಜೆ ನೀಡಲಾಯಿತು. ಗ್ರಾಮ ಮಟ್ಟದಲ್ಲಿ ಪೋಷಕರನ್ನೊಳಗೊಂಡ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳು 2001ರಿಂದ ಅಸ್ತಿತ್ವದಲ್ಲಿವೆ. ಊರಿನ ಜಾತ್ರೆಯಂತಹ ಸಂದರ್ಭಗಳಿಗೆ ಶಾಲಾ ಹಂತದಲ್ಲಿಯೇ ಕೆಲವು ಸ್ಥಳೀಯ ರಜೆಗಳನ್ನು ಪಡೆಯಲು ಅವಕಾಶವಿದೆ. ಬಿತ್ತನೆ, ಸುಗ್ಗಿ ಮತ್ತು ವಲಸೆಯ ತಿಂಗಳುಗಳು ಈ ಕೆಲವೇ ದಿನಗಳ ವ್ಯಾಪ್ತಿಯಿಂದ ಹೊರಗುಳಿಯುತ್ತವೆ.